ಅಮ್ಮನ ಮೈಮೇಲೆ ಬಂದವಳು

ಆ ಕಾಲದಲ್ಲಿ ನಮ್ಮ ಕಡೆ ಯಾರ ಮನೆಗೆ ಹೋದರೂ ಒಳ್ಳೆಯ ಕೋಣೆ ಮನುಷ್ಯರಿಗಲ್ಲ, ಹುಳುಗಳಿಗೆ. ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ಜಾಲರಿ ಹೊಡೆದ ಕೋಣೆಯಲ್ಲಿ ರೇಷ್ಮೆಹುಳುಗಳು ಬಿದಿರಿನ ತಟ್ಟೆಗಳ ಮೇಲೆ ಸುಖವಾಗಿ ಸೊಪ್ಪು ತಿನ್ನುತ್ತಿದ್ದರೆ, ಮನೆಮಂದಿಯೆಲ್ಲ ಜಗಲಿ, ನಡುಮನೆ, ಒಲೆಯ ಪಕ್ಕ ಅಂತ ಸಿಕ್ಕಿದ ಕಡೆ ಮುದುರಿಕೊಂಡು ಮಲಗುತ್ತಿದ್ದೆವು. ಎಂಬತ್ತರ ದಶಕದಲ್ಲಿ ಶಿಡ್ಲಘಟ್ಟದ ಸೀಮೆಯಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಮ್ಮೂರು ಜಂಗಮಕೋಟೆಯಿಂದ ಒಳಗೆ. ಬಸ್ಸಿಳಿದು ಹಿಪ್ಪುನೇರಳೆ ತೋಟಗಳ ನಡುವೆ ನಡೆದು ಬರಬೇಕು. ದಾರಿಯಲ್ಲಿ ಅದರ ಹಣ್ಣು ಕಿತ್ತು ತಿಂದು, ಬಾಯಿ, ಕೈ, ಲಂಗ ಎಲ್ಲ ಕಪ್ಪು ಮಾಡಿಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಅಜ್ಜಿ ಹಿಡಿಯುತ್ತಿದ್ದಳು. "ಕಾಲು ತೊಳ್ಕೊಂಡೇನೇ? ಕೈ? ಬಾಯಿ? ಯಾರ ಮನೆ ಹುಳಾನಾದ್ರೂ ನೋಡಕ್ಕೆ ಹೋಗಿದ್ದಾ?" ಇಷ್ಟಕ್ಕೂ ಉತ್ತರ ಕೊಟ್ಟ ಮೇಲೇ ಒಳಗೆ ಪ್ರವೇಶ. ಈಗಿನ ವಿಮಾನ ನಿಲ್ದಾಣದವರೂ ಅಷ್ಟು ವಿಚಾರಿಸುವುದಿಲ್ಲ.

ಹುಳುಮನೆಗೆ ಕಟ್ಟಳೆಗಳು ಒಂದೆರಡಲ್ಲ. ಹೊಗೆಸೊಪ್ಪು ಮುಟ್ಟಿದವರು ಬರಬಾರದು. ಬೇರೆಯವರ ಹುಳುಮನೆಯಿಂದ ನೇರ ಬಂದವರು ಹೊಸ್ತಿಲು ದಾಟಬಾರದು. ಒಳಗೆ ಜಗಳ ಆಡಬಾರದು, ಸಿಳ್ಳೆ ಹಾಕಬಾರದು, ಹೊರಗಾದ ಹೆಂಗಸರು ಇಣುಕಲೂಬಾರದು. ಇದನ್ನೆಲ್ಲ ಹೇಳಿದ್ದು ಯಾರು ಅಂದರೆ, ಗುಡ್ಡದಮ್ಮ. ಊರಾಚೆ ದಿಣ್ಣೆಯ ಮೇಲೆ ಅರಿಶಿನ ಬಳಿದ ಒಂದು ಕಲ್ಲು, ಅದೇ ಗುಡ್ಡದಮ್ಮ. ಹೇಳುತ್ತಿದ್ದುದು ಯಾರ ಬಾಯಲ್ಲಿ ಅಂದರೆ, ನಮ್ಮಜ್ಜಿ ಮುನೆಮ್ಮನ ಬಾಯಲ್ಲಿ.

ಅಜ್ಜಿಯ ಮೈಮೇಲೆ ದೇವರು ಬರುತ್ತಿತ್ತು. ಹುಳುಗಳು ನಾಲ್ಕು ಸಲ ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂತು ಪೊರೆ ಬಿಡುತ್ತವಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ದಿನ ಹುಳುಮನೆಯಲ್ಲಿ ದೀಪ ಹಚ್ಚಿ, ಬೇವಿನ ಸೊಪ್ಪು ಕಟ್ಟಿ, ಅಕ್ಕಪಕ್ಕದವರನ್ನು ಬಾಗಿಲ ಹೊರಗೆ ನಿಲ್ಲಿಸಿ ಪೂಜೆ. ಕರ್ಪೂರದ ಹೊಗೆ ಮೇಲೆದ್ದಂತೆ ಅಜ್ಜಿಯ ಭುಜ ನಡುಗುತ್ತಿತ್ತು, ಗಂಟು ಬಿಚ್ಚಿ ಬಿಳಿಗೂದಲು ಹರಡುತ್ತಿತ್ತು. ದಿನವೆಲ್ಲ ಕನ್ನಡದಲ್ಲಿ ನಮ್ಮನ್ನು ಬೈಯುತ್ತಿದ್ದ ಅಜ್ಜಿ ಆಗ ತೆಲುಗಿನಲ್ಲಿ ಗುಡುಗುತ್ತಿದ್ದಳು. ಅಜ್ಜಿಯ ತವರು ಆಂಧ್ರದ ಗಡಿಯ ಕಡೆ. ದೇವರೂ ಅವಳ ಹಿಂದೆಯೇ ಗಂಡನ ಮನೆಗೆ ಬಂದಿತ್ತು ಅಂತ ನಾವು ತಿಳಿದಿದ್ದೆವು.

ನಮಗಂತೂ ಅದು ಹಬ್ಬ. ಮೈ ಜುಂ ಅನ್ನುತ್ತಿತ್ತು. ಮಾರನೆಯ ದಿನ ಹುಣಸೆಮರದ ಕೆಳಗೆ ನಮ್ಮ ಆಟವೂ ಅದೇ: ಒಬ್ಬಳಿಗೆ ದೇವರು ಬರೋದು, ಉಳಿದವರು ಸುತ್ತ ಕೂತು ಕಷ್ಟ ಹೇಳಿಕೊಳ್ಳೋದು. ನನಗೆ ದೇವರಾಗೋದು ಎಷ್ಟು ಇಷ್ಟ ಅಂದರೆ, ನನ್ನ ಸರದಿ ಬಂದರೆ ಇಳಿಯುತ್ತಲೇ ಇರಲಿಲ್ಲ. "ಮಾವಿನಕಾಯಿ ತನ್ನಿ, ಉಪ್ಪು ಖಾರ ಹಚ್ಚಿ ಕೊಡಿ, ಇಲ್ಲಾಂದ್ರೆ ಊರು ಸುಟ್ಟು ಬಿಡ್ತೀನಿ" ಅಂತ ಅಪ್ಪಣೆ ಕೊಡಿಸುತ್ತಿದ್ದೆ. ಹುಡುಗಿಯರು ನಿಜವಾಗಿಯೂ ತರುತ್ತಿದ್ದರು. ಆ ರುಚಿ ನನ್ನ ನಾಲಗೆಗೆ ಆಗಲೇ ಹತ್ತಿತ್ತು, ಮಾವಿನಕಾಯಿಯದ್ದಲ್ಲ, ಹೇಳಿದ್ದು ನಡೆಯುತ್ತದಲ್ಲ ಅದರದ್ದು.

ನಾನು ಹೇಳಹೊರಟಿರುವುದು ಅಕ್ಕ ಗಿರಿಜ ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯ ಮಾತು. ನನಗೆ ಹತ್ತು ವರ್ಷ. ಅಕ್ಕ ಫಸ್ಟ್ ಕ್ಲಾಸು. ಊರಿನ ಹೆಣ್ಣುಮಕ್ಕಳಲ್ಲಿ ಆವರೆಗೆ ಯಾರೂ ಅಷ್ಟು ದೂರ ಬಂದಿರಲಿಲ್ಲ. ಸುದ್ದಿ ಬಂದಾಗ ಅಮ್ಮ ಸೊಪ್ಪು ಕತ್ತರಿಸುತ್ತಿದ್ದಳು. ಕತ್ತಿ ಕೆಳಗಿಟ್ಟು ಎದ್ದು, ಅಡುಗೆಮನೆಗೆ ಹೋಗಿ ಬೆಲ್ಲದ ಚೂರು ತಂದು ಅಕ್ಕನ ಬಾಯಿಗೆ ಹಾಕಿದಳು, ನನ್ನ ಬಾಯಿಗೂ ಹಾಕಿದಳು, ಮತ್ತೆ ಕೂತು ಸೊಪ್ಪು ಕತ್ತರಿಸಿದಳು. ಅಮ್ಮ ಜಯಮ್ಮ ಅಂದರೆ ಅಷ್ಟೇ. ಮನೆಯಲ್ಲಿ ಅವಳಿದ್ದಾಳೆ ಅನ್ನುವುದು ಬಳೆ ಸದ್ದಿನಿಂದ ಗೊತ್ತಾಗಬೇಕು. ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಅಕ್ಕನಿಗೆ ಶಿಡ್ಲಘಟ್ಟದ ಕಾಲೇಜಿಗೆ ಸೇರಿ, ಮುಂದೆ ಟೀಚರ್ ಆಗಬೇಕು. ಅಜ್ಜಿಗೆ ತನ್ನ ಅಣ್ಣನ ಮೊಮ್ಮಗನಿಗೆ ಅಕ್ಕನನ್ನು ಕೊಡಬೇಕು. ಹುಡುಗ ತವರಿನ ಕಡೆಯವನು, ಬೋರ್‌ವೆಲ್ ಲಾರಿ ಓಡಿಸುತ್ತಿದ್ದ. ಒಂದೇ ಸಲ ಬಂದಿದ್ದ, ನಮ್ಮನ್ನು ಒಂದು ಮಾತಾಡಿಸದೆ ಮುದ್ದೆ ನುಂಗಿ ಹೋಗಿದ್ದ. ಅಪ್ಪ? ಅಪ್ಪ ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ ಯಾರು ಏನು ಹೇಳಿದರೂ "ಹೂಂ, ಅದೂ ಸರಿ" ಅನ್ನುತ್ತಿದ್ದ. ಅಕ್ಕ ಕೇಳಿದಾಗ "ಓದೋದೂ ಸರಿ" ಅಂದ. ಅಜ್ಜಿ ಕೇಳಿದಾಗ "ಮದ್ವೆ ಮಾಡೋದೂ ಸರಿ" ಅಂದ. ಕೊನೆಗೆ ಅಜ್ಜಿಯೇ, "ನಾನ್ಯಾರು ಹೇಳಕ್ಕೆ? ಹುಳ ಜ್ವರ ಏಳಲಿ, ಗುಡ್ಡದಮ್ಮನ್ನೇ ಕೇಳಣ" ಅಂದಳು.

ಇಲ್ಲಿ ನಮ್ಮ ಚಿಕ್ಕಪ್ಪ ಬರುತ್ತಾನೆ. ಅಪ್ಪನ ತಮ್ಮ, ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಬರುವಾಗ ಬ್ಯಾಗಿನಲ್ಲಿ ಖಾರಾಬೂಂದಿ, ತೆಳ್ಳನೆಯ ಪುಸ್ತಕಗಳು, ಮತ್ತು ಫ್ಯಾಕ್ಟರಿಯ ಗೆಳೆಯರ ಜೊತೆ ಕಲಿತ ಹೊಸ ಹೊಸ ಮಾತುಗಳು. ಆ ಶನಿವಾರ ಜಗಲಿಯ ಮೇಲೆ ಕೂತು ಬೂಂದಿ ತಿನ್ನುತ್ತಾ ನನ್ನ ತಲೆಗೆ ಬೆಂಕಿ ಹಚ್ಚಿದ.

"ಸುಜಿ, ಒಂದು ಮಾತು ಹೇಳ್ತೀನಿ ಕೇಳಮ್ಮ. ಈ ದೇವರು ಧರ್ಮ ಎಲ್ಲ ಮಾಡಿರೋದೇ ಜನಾನ ಹದ್ದುಬಸ್ತಿನಲ್ಲಿ ಇಟ್ಕೊಳ್ಳಕ್ಕೆ."

"ಯಾರು ಮಾಡಿದ್ದು?" ಅಂದೆ.

"ಮೇಲಿರೋರು. ರಾಜರು, ಪುರೋಹಿತರು, ಸಾಹುಕಾರ್ರು. ಹಂಗೇ ಹೇಳಿದ್ರೆ ಯಾರೂ ಕೇಳಲ್ಲ, ದೇವರು ಹೇಳಿದ್ದು ಅಂದ್ರೆ ಬಾಯಿ ಮುಚ್ಕೊಂಡು ಕೇಳ್ತಾರೆ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಂಥ ದೊಡ್ಡ ಗುಟ್ಟು ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ! ಹುಣಸೆಮರದ ಕೆಳಗೆ ನನಗೆ ಮಾವಿನಕಾಯಿ ತಂದುಕೊಟ್ಟ ಹುಡುಗಿಯರು ನೆನಪಾದರು. ಹೌದಲ್ಲ, ಚಿಕ್ಕಪ್ಪ ಹೇಳಿದ್ದು ನಿಜವಲ್ಲ! ಆ ಕ್ಷಣದಿಂದ ನಾನು ಪೊಲೀಸಿನವಳಾದೆ. ಗುಡ್ಡದಮ್ಮನ ಒಂದೊಂದು ಕಟ್ಟಳೆಯನ್ನೂ ಹಿಡಿದು ವಿಚಾರಣೆ ಶುರು.

ಕಾಲು ತೊಳೆದು ಬರಬೇಕು ಅನ್ನುವುದಕ್ಕೆ ಅರ್ಥವಿತ್ತು. ರೇಷ್ಮೆ ಇಲಾಖೆಯವರೂ ಬಂದು ಅದನ್ನೇ ಹೇಳಿ ಹೋಗಿದ್ದರು, ರೋಗ ಅಂಟುತ್ತೆ ಅಂತ. ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಳು ಸಾಯುವುದು ಊರಿಗೆಲ್ಲ ಗೊತ್ತು. ಅಂದರೆ ಗುಡ್ಡದಮ್ಮ ದಡ್ಡಿಯಲ್ಲ. ಆದರೆ ಹೊರಗಾದವರ ವಿಷಯಕ್ಕೆ ಬಂದಾಗ ನನಗೆ ಕಳ್ಳ ಸಿಕ್ಕಿಬಿದ್ದ. ಹುಳು ಸಣ್ಣದಿದ್ದಾಗ, ಅಂದರೆ ಕೆಲಸ ಕಡಿಮೆ ಇದ್ದಾಗ, ಅಮ್ಮ ಮೂರು ದಿನ ಕೊಟ್ಟಿಗೆಯ ಪಕ್ಕ ಕೂರಬೇಕಾಗಿತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾಕ್ಷಸನ ಹಾಗೆ ತಿನ್ನುತ್ತದಲ್ಲ, ಹೊತ್ತು ಹೊತ್ತಿಗೂ ಸೊಪ್ಪು ಹಾಕಿ ಕೈ ಬಿದ್ದುಹೋಗುತ್ತದಲ್ಲ, ಆಗ ಮಾತ್ರ ಗುಡ್ಡದಮ್ಮ ಉದಾರಿ. ತಲೆಗೆ ಒಂದು ಬೇವಿನೆಲೆ ಸಿಕ್ಕಿಸಿಕೊಂಡು ಬಾ ಸಾಕು ಅನ್ನುತ್ತಿದ್ದಳು.

ಇದನ್ನು ಕಂಡುಹಿಡಿದ ಖುಷಿಗೆ ನಾನು ಓಡಿಹೋಗಿ ಅಮ್ಮನಿಗೆ ಹೇಳಿದೆ. "ಅಮ್ಮ, ಕೆಲಸ ಜಾಸ್ತಿ ಇದ್ದಾಗ ಮೈಲಿಗೆ ಕಮ್ಮಿ ಆಗುತ್ತೆ, ಗೊತ್ತಾ ನಿಂಗೆ?"

ಅಮ್ಮ ತಟ್ಟೆಯಲ್ಲಿ ಸೊಪ್ಪು ಹರಡುತ್ತಿದ್ದಳು. ತಿರುಗಿ ನನ್ನನ್ನು ನೋಡಿ, "ನಿಂಗೆ ಇವತ್ತು ಗೊತ್ತಾಯ್ತಾ?" ಅಂದಳು. ಅಷ್ಟೇ. ಮತ್ತೆ ಸೊಪ್ಪು ಹರಡಿದಳು.

ಪೂಜೆ ಮುಂದಿನ ಭಾನುವಾರವೇ ಬಿತ್ತು, ಚಿಕ್ಕಪ್ಪನೂ ಊರಿಗೆ ಬಂದಿದ್ದ. ದೇವರನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಅವನೇ ಹೇಳಿಕೊಟ್ಟ. "ನನ್ನ ಜೇಬಲ್ಲಿ ಏನಿದೆ ಅಂತ ಕೇಳು. ನಿಜವಾದ ದೇವರಾದ್ರೆ ಹೇಳಬೇಕು, ಅಲ್ವಾ?" ಜೇಬಿನಲ್ಲಿ ಒಂದು ಮಾವಿನ ವಾಟೆ ಹಾಕಿಕೊಂಡ. ಯಾವ ದೇವರಿಗೂ ಹೊಳೆಯಬಾರದು ಅಂತ.

ಕರ್ಪೂರ ಹಚ್ಚಿದರು. ಅಜ್ಜಿಯ ಭುಜ ನಡುಗಿತು, ಕೂದಲು ಬಿಚ್ಚಿತು. ಎಲ್ಲರೂ ಕೈಮುಗಿದರು. ನಾನು ಎಲ್ಲರ ಕಾಲುಗಳ ನಡುವೆ ತೂರಿಕೊಂಡು ಮುಂದೆ ಹೋಗಿ ನಿಂತೆ. ಗಟ್ಟಿ ದನಿಯಲ್ಲೇ ಕೇಳಿದೆ. "ಅಮ್ಮಾ, ನಮ್ಮ ಚಿಕ್ಕಪ್ಪನ ಜೇಬಲ್ಲಿ ಏನಿದೆ?"

ಅಜ್ಜಿ ಕೆಂಪು ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಚಿನ್ನಪಿಲ್ಲವಿ, ನೋರು ಮೂಸ್ಕೋ" ಅಂದಳು. ಚಿಕ್ಕ ಹುಡುಗಿ ನೀನು, ಬಾಯಿ ಮುಚ್ಚಿಕೋ ಅಂತ. ಹೇಳಿ, ಬೇವಿನ ಸೊಪ್ಪಿನಿಂದ ತಲೆಗೆ ಒಂದು ಬಾರಿಸಿದಳು. ಅದು ದೇವರ ಏಟೋ ಅಜ್ಜಿಯ ಏಟೋ ಅಂತ ವಿಚಾರ ಮಾಡುವಷ್ಟರಲ್ಲಿ ಅಪ್ಪ ನನ್ನನ್ನು ಹಿಂದಕ್ಕೆ ಎಳೆದುಕೊಂಡಿದ್ದ.

ಆಮೇಲೆ ಅಪ್ಪನೇ ಕೈಮುಗಿದು ಅಕ್ಕನ ಮಾತು ಎತ್ತಿದ. ಉತ್ತರಕ್ಕೆ ಕಾಯಬೇಕಾಗಲಿಲ್ಲ. "ಆಡಪಿಲ್ಲ ಗಡಪ ದಾಟಕೂಡದು." ಹೆಣ್ಣುಮಗಳು ಹೊಸ್ತಿಲು ದಾಟಬಾರದು. ದಾಟಿದರೆ ಈ ಮನೆಯಲ್ಲಿ ಒಂದು ಹುಳವೂ ಗೂಡು ಕಟ್ಟುವುದಿಲ್ಲ.

ಅಕ್ಕ ಬಾಗಿಲ ಪಕ್ಕದ ಕಂಬ ಹಿಡಿದುಕೊಂಡು ನಿಂತಿದ್ದಳು. ಅಳಲಿಲ್ಲ. ಮುಖ ಮಾತ್ರ ಒಂದೇ ಸಲಕ್ಕೆ ದೊಡ್ಡವರ ಮುಖ ಆಗಿಹೋಯಿತು. ನಾನು ಚಿಕ್ಕಪ್ಪನ ಕಡೆ ನೋಡಿದೆ, ಈಗ ಎದ್ದು ಏನಾದರೂ ಹೇಳುತ್ತಾನೆ ಅಂತ. ಅವನು ಎಲ್ಲರ ಜೊತೆ ಸಾಲಿನಲ್ಲಿ ಹೋಗಿ, ಬಗ್ಗಿ, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಕುಂಕುಮ ಇಡಿಸಿಕೊಂಡು ಬಂದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿತ್ತಲಿಗೆ ಕರೆದು ಕೇಳಿದೆ. "ಎಲ್ಲಾ ಸುಳ್ಳು ಅಂದೆ, ನೀನ್ಯಾಕೆ ಕಾಲಿಗೆ ಬಿದ್ದೆ?"

"ನಾನು ಬಿದ್ದಿದ್ದು ನಮ್ಮಮ್ಮನ ಕಾಲಿಗೆ ಕಣಮ್ಮ, ದೇವರಿಗಲ್ಲ" ಅಂದ. ಹಣೆಯ ಕುಂಕುಮ ಮೂಗಿನ ಮೇಲೆ ಉದುರಿತ್ತು. ಸೋಮವಾರದ ಬಸ್ಸಿಗೆ ಹೋಗುವವನು ಒಂದು ದಿನ ಮುಂಚೆ, ಆ ಸಂಜೆಯೇ ಹೊರಟುಬಿಟ್ಟ. ಮಾವಿನ ವಾಟೆ ಜಗಲಿಯ ಮೇಲೆ ಬಿದ್ದಿತ್ತು.

ಮುಂದಿನ ವಾರ ನಮ್ಮ ಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ತೋಟದಿಂದ ಸೊಪ್ಪು ಹೊರೆ ಹೊರೆಯಾಗಿ ಬರುತ್ತಿತ್ತು, ಹಸಿ ಸೊಪ್ಪಿನ, ಹಿಕ್ಕೆಯ ಘಾಟು ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಅಮ್ಮ ನಿಂತಲ್ಲೇ ಬಸ್ಸಾರು ಮುದ್ದೆ ತಿಂದು ಮತ್ತೆ ತಟ್ಟೆಗಳ ಮುಂದೆ. ಅಕ್ಕನೂ ಅವಳ ಪಕ್ಕದಲ್ಲಿ. ಒಂದು ಸಲ ಮಾತ್ರ ಅಕ್ಕ, "ಕಾಲೇಜಿಗೆ ಸೇರಿಸ್ಕೊಳ್ಳೋದು ನಾಳಿದ್ದಿಗೆ ಮುಗಿಯುತ್ತಂತೆ ಅಮ್ಮ" ಅಂದಳು. ಅಮ್ಮ "ಹೂಂ" ಅಂದಳು. ನನಗೆ ಅಮ್ಮನ ಮೇಲೂ ಕೋಪ ಬಂತು. ಹೂಂ ಅಂದರೆ ಏನು ಅರ್ಥ?

ಮಾರನೆಯ ದಿನವೇ ಹುಳು ಹಣ್ಣಾಯಿತು. ಹಣ್ಣಾಗುವುದು ಅಂದರೆ, ತಿನ್ನುವುದು ನಿಲ್ಲಿಸಿ, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಆಡಿಸುವುದು. ಆ ದಿನ ಊರೇ ನಮ್ಮ ಮನೆಗೆ. ಹಣ್ಣುಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಬಿದಿರಿನ ಸುರುಳಿ ಸುರುಳಿ ಚಾಪೆಯ ಮೇಲೆ, ಬಿಡಬೇಕು. ತಡ ಮಾಡಿದರೆ ಹುಳು ಸಿಕ್ಕಿದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಹೆಂಗಸರೆಲ್ಲ ಕಾಲು ತೊಳೆದು, ಸೆರಗು ಸಿಕ್ಕಿಸಿ ಬಂದು ಕೂತಿದ್ದರು. ನಗು, ಮಾತು, ಬಳೆ ಸದ್ದು, ಒಲೆಯ ಮೇಲೆ ಎಲ್ಲರಿಗೂ ಚಿತ್ರಾನ್ನ. ನನಗೆ ಅಂಗೈ ಮೇಲೆ ಹಣ್ಣುಹುಳು ಇಟ್ಟುಕೊಂಡು ಅದರ ತಣ್ಣನೆ ಮೈ ಮುಟ್ಟಿ ನೋಡುವ ಸಂಭ್ರಮ. ಅಕ್ಕನ ದುಃಖ ಮರೆತು ಕುಣಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ವಾಡಿಕೆಯ ಪ್ರಕಾರ ಮೊದಲ ಹುಳವನ್ನು ಚಂದ್ರಿಕೆಗೆ ಬಿಡಬೇಕಾದವಳು ಅಜ್ಜಿ. ಬಿಟ್ಟ ಕೂಡಲೇ ಗುಡ್ಡದಮ್ಮ ಬಂದು ಬೆಳೆಗೆ ಆಶೀರ್ವಾದ ಮಾಡಿ ಹೋಗುತ್ತಿದ್ದಳು. ಅಜ್ಜಿ ಹುಳ ಆರಿಸಿ ಬೆರಳ ತುದಿಯಲ್ಲಿ ಹಿಡಿದಳು. ಅಪ್ಪ ಕರ್ಪೂರ ಹಚ್ಚಿದ. ಅಮ್ಮ ಪಕ್ಕದಲ್ಲಿ ಹುಳುಗಳ ತಟ್ಟೆ ಹಿಡಿದು ನಿಂತಿದ್ದಳು.

ಅಮ್ಮ ಆ ತಟ್ಟೆಯನ್ನು ನಿಧಾನವಾಗಿ ಸ್ಟ್ಯಾಂಡಿನ ಮೇಲೆ ಇಟ್ಟಳು. ಒಂದು ಹುಳ ಅಂಚಿಗೆ ಬಂದಿತ್ತು, ಅದನ್ನು ಒಳಗೆ ಸರಿಸಿದಳು. ಆಮೇಲೆ ನಡುಗಿದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಯಾರೋ "ತಲೆ ಸುತ್ತುತ್ತೇನೋ, ನೀರು ಕೊಡಿ" ಅಂದರು. ಅಷ್ಟರಲ್ಲಿ ಅಮ್ಮನ ಜಡೆ ಬಿಚ್ಚಿತು. ಅಮ್ಮನಿಗೆ ಅಷ್ಟು ಉದ್ದ ಕೂದಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹಲ್ಲು ಕಚ್ಚಿ, ಉಸಿರು ಬಿಟ್ಟು, ತಲೆ ಆಡಿಸುತ್ತಾ, ಅವಳು ಅಮ್ಮನಲ್ಲವೇ ಅಲ್ಲ ಅನ್ನುವ ಹಾಗೆ ಒಂದು ಕೂಗು ಹಾಕಿದಳು. ಹೆಂಗಸರು ದಡಬಡ ಎದ್ದು ಕೈಮುಗಿದರು. ನನ್ನ ಅಂಗೈಯ ಹುಳ ಬಿದ್ದುಹೋಯಿತು. ನನಗೆ ಭಯವೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು, ಎರಡೂ ಒಟ್ಟೊಟ್ಟಿಗೆ.

ಅಜ್ಜಿ ಮಾತ್ರ ಕದಲಲಿಲ್ಲ. ಬೆರಳಲ್ಲಿ ಹುಳ ಹಾಗೇ ಹಿಡಿದುಕೊಂಡು, ಗಟ್ಟಿ ದನಿಯಲ್ಲಿ ಕೇಳಿದಳು. "ಯಾರು ನೀನು? ನಮ್ಮ ಗುಡ್ಡದಮ್ಮ ತೆಲುಗಲ್ಲಿ ಮಾತಾಡೋಳು. ನೀನ್ಯಾರು?"

"ನಾನು ಅವಳ ತಂಗಿ" ಅಂದಳು ಅಮ್ಮ. ಅಚ್ಚ ಕನ್ನಡದಲ್ಲಿ. "ಇಷ್ಟು ವರ್ಷ ಬಾಗಿಲಾಚೆ ನಿಂತಿದ್ದೀನಿ. ಅಕ್ಕನ ಮಾತು ಮುಗೀಲಿ ಅಂತ ಕಾಯ್ತಿದ್ದೆ. ಅವಳು ಮುಗಿಸೋ ಹಂಗೆ ಕಾಣಲಿಲ್ಲ."

ಒಬ್ಬಳು ಮುದುಕಿ ಗೋಡೆಗೆ ತಿರುಗಿ ನಕ್ಕಳು, ಕೆಮ್ಮಿದ ಹಾಗೆ ಮಾಡಿ ಮುಚ್ಚಿಕೊಂಡಳು. ಅಪ್ಪ ಕರ್ಪೂರದ ತಟ್ಟೆ ಹಿಡಿದುಕೊಂಡು ತನ್ನ ಅಮ್ಮನನ್ನೂ ಹೆಂಡತಿಯನ್ನೂ ಮಿಕಮಿಕ ನೋಡುತ್ತಿದ್ದ. ಅವನ ಜೀವಮಾನದಲ್ಲಿ "ಅದೂ ಸರಿ" ಅನ್ನಲಾಗದ ದಿನ ಅದೊಂದೇ ಇರಬೇಕು.

"ಏನು ಬೇಕು ನಿಂಗೆ?" ಅಂದಳು ಅಜ್ಜಿ.

"ನಂಗೇನೂ ಬೇಡ. ದೊಡ್ಡ ಹುಡುಗಿ ಓದಬೇಕು. ನಾಳೆ ಅವಳಪ್ಪ ಕರ್ಕೊಂಡೋಗಿ ಕಾಲೇಜಿಗೆ ಸೇರಿಸ್ಬೇಕು."

"ನಿಮ್ಮಕ್ಕ ಬೇಡ ಅಂದಿದ್ದಾಳಲ್ಲ?"

"ಅಕ್ಕನಿಗೆ ನಾನು ಹೇಳ್ಕೊತೀನಿ. ಅದು ನಮ್ಮ ಅಕ್ಕತಂಗೀರ ಮಾತು, ನೀನು ನಡುವೆ ಬರಬೇಡ."

ಅಜ್ಜಿ ಅಮ್ಮನ ಮುಖವನ್ನೇ ನೋಡಿದಳು. ಈಗ ಅಜ್ಜಿ ಏನು ಮಾಡಬಹುದು ಯೋಚಿಸಿ ನೋಡಿ. ಇದು ನಾಟಕ ಅನ್ನಬೇಕು, ಅಂದರೆ ಸುತ್ತ ಕೂತ ಹೆಂಗಸರು ನಾಳೆ ಅವಳನ್ನೂ ಅದೇ ಕಣ್ಣಿಂದ ನೋಡುತ್ತಾರೆ. ನಿಜ ಅನ್ನಬೇಕು, ಅಂದರೆ ಗಿರಿಜಕ್ಕನನ್ನು ಬಿಟ್ಟುಕೊಡಬೇಕು. ಹತ್ತು ವರ್ಷದ ನನಗೂ ಅದು ಹೊಳೆಯಿತು.

ಕೊನೆಗೆ ಅಜ್ಜಿ ಅಪ್ಪನ ಕೈಯಿಂದ ಕರ್ಪೂರದ ತಟ್ಟೆ ಇಸಿದುಕೊಂಡಳು. ಸೊಸೆಗೆ ಆರತಿ ಎತ್ತಿದಳು. ಎತ್ತುತ್ತಲೇ ಸಂತೆಯಲ್ಲಿ ಚೌಕಾಸಿ ಮಾಡುವ ದನಿಯಲ್ಲಿ ಕೇಳಿದಳು. "ಎರಡು ವರ್ಷ ಓದಿದ್ರೆ ಸಾಕಾ ತಾಯಿ?"

"ಅವಳಿಗೆ ಸಾಕು ಅನ್ಸೋವರೆಗೆ."

"ಮದ್ವೆ?"

"ಅವಳು ಹೂಂ ಅಂದ ಮೇಲೆ."

"ಚಿಕ್ಕದು?" ಅಂತ ಅಜ್ಜಿ ನನ್ನ ಕಡೆ ಬೆರಳು ತೋರಿಸಿದಳು. ಅಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಅಮ್ಮ ಇದ್ದಳೋ ಇನ್ನೊಬ್ಬಳಿದ್ದಳೋ ಈಗಲೂ ಹೇಳಲಾರೆ. "ಅದಕ್ಕೂ ಅದೇ ಅಪ್ಪಣೆ" ಅಂದು ಕುಸಿದು ಕೂತಳು. ನೀರು ಚಿಮುಕಿಸಿದರು. ಅಜ್ಜಿ ತಿರುಗಿ, ಇಷ್ಟು ಹೊತ್ತೂ ಬೆರಳಲ್ಲಿದ್ದ ಹುಳವನ್ನು ಚಂದ್ರಿಕೆಯ ಮೇಲೆ ಬಿಟ್ಟು, "ಏನು ನೋಡ್ತಾ ಕೂತಿದ್ದೀರಿ, ಹುಳ ಆರಿಸಿ" ಅಂದಳು. ಆ ದಿನ ಗುಡ್ಡದಮ್ಮ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಅಕ್ಕನನ್ನು ಕರೆದುಕೊಂಡು ಬಸ್ಸಿಗೆ ಹೊರಟ. ನಾನು ತೋಟದ ಬದುವಿನವರೆಗೂ ಅವರ ಹಿಂದೆ ಓಡಿದೆ. ಅಕ್ಕ ತಿರುಗಿ ತಿರುಗಿ ನಗುತ್ತಿದ್ದಳು. ಲಾರಿ ಓಡಿಸುವ ಹುಡುಗನ ಮನೆಗೆ ಅಜ್ಜಿ ಹೇಳಿಕಳಿಸಿದ್ದು ಒಂದೇ ಮಾತು, ದೇವರು ಒಪ್ಪಲಿಲ್ಲ ಅಂತ. ಅವರೂ ಬೇಜಾರು ಮಾಡಿಕೊಳ್ಳಲಿಲ್ಲ. ದೇವರ ಮೇಲೆ ಮುನಿಸಿಕೊಂಡು ಯಾರು ಏನು ಮಾಡಲಿಕ್ಕಾಗುತ್ತದೆ?

ಆ ಸಲ ಗೂಡು ತುಂಬ ಚೆನ್ನಾಗಿ ಆಯಿತು, ಹಳದಿ ಹಳದಿಯಾಗಿ, ಗಟ್ಟಿಯಾಗಿ. ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ಅಜ್ಜಿ, ಅಮ್ಮ, ನಾನು ಮೂವರೇ ಕೂತಿದ್ದೆವು. ಅದಕ್ಕೂ ಮೊದಲೇ ನಾನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನು ಅಮ್ಮನ ಹತ್ತಿರ ಕೇಳಿಯೇ ಬಿಟ್ಟಿದ್ದೆ. ಮೊದಲು ನೀನು ತಟ್ಟೆ ಇಟ್ಟೆ, ಆಮೇಲೆ ದೇವರು ಬಂತಲ್ಲ, ಹೆಂಗೆ ಅಂತ. ಅಮ್ಮ "ಏನಾಯ್ತೋ ನಂಗೇನು ಗೊತ್ತು, ಮೂರು ದಿನ ಗಂಟಲೇ ಇರಲಿಲ್ಲ" ಅಂದಿದ್ದಳು. ಅದೂ ನಿಜವೇ. ದನಿ ಒಡೆದು ಮೂರು ದಿನ ಪಿಸುಗುಟ್ಟಿದ್ದಳು.

ಅಜ್ಜಿ ಗೂಡು ಬಿಡಿಸುತ್ತಾ ಯಾರ ಮುಖವನ್ನೂ ನೋಡದೆ ಮಾತು ಶುರು ಮಾಡಿದಳು. "ನಿಮ್ಮ ಮಾವ ಹೋದಾಗ ನಂಗೆ ಎರಡು ಕೂಸು ಕಣೇ ಜಯ. ಚಿಕ್ಕೋನಿಗೆ ಇನ್ನೂ ಹಾಲು ಬಿಟ್ಟಿರಲಿಲ್ಲ. ತಿಥಿ ಊಟ ಮುಗಿಸಿ ಮೈದುನಂದಿರು ತೋಟ ಹಂಚ್ಕೊಳ್ಳಕ್ಕೆ ಇದೇ ಜಗಲಿ ಮೇಲೆ ಕೂತ್ರು. ಅತ್ತು ಕರೆದೆ, ಬೈದೆ, ಕಾಲು ಹಿಡ್ಕೊಂಡೆ. ಒಬ್ಬನೂ ತಲೆ ಎತ್ತಿ ನೋಡ್ಲಿಲ್ಲ. ನಾನು ಅಲ್ಲಿದ್ದೀನಿ ಅನ್ನೋದೇ ಅವರಿಗೆ ಕಾಣಲಿಲ್ಲ. ಆಗ ಬಂದ್ಲು ಅವಳು."

ಅಮ್ಮ ಕೈ ನಿಲ್ಲಿಸಿದಳು.

"ಬಂದಿದ್ದೇ ತಡ, ಎಲ್ಲಾ ಎದ್ದು ನಿಂತ್ರು. ಕೈಮುಗಿದ್ರು. ನಾನು ಹೇಳಿದ್ರೆ ಕೇಳದೋರು, ಅವಳು ಹೇಳಿದ್ರೆ ಕೇಳಿದ್ರು. ತೋಟ ಉಳೀತು."

ಅಮ್ಮ ಮೆಲ್ಲಗೆ ಕೇಳಿದಳು. "ನಿಜವಾಗ್ಲೂ ಬಂದಿದ್ಲಾ ಅತ್ತೆ?"

"ನಿಂಗೆ ಬಂದಿದ್ದು ನಿಜಾನಾ?" ಅಂದಳು ಅಜ್ಜಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಅಜ್ಜಿಯ ಭುಜ ಕುಲುಕಿತು. ಮತ್ತೆ ದೇವರು ಬಂತೇನೋ ಅಂತ ನಾನು ಬೆಚ್ಚಿಬಿದ್ದರೆ, ಅದು ನಗು. ಅಮ್ಮನೂ ನಗತೊಡಗಿದಳು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಗೂಡುಗಳ ರಾಶಿಯ ನಡುವೆ ಅತ್ತೆ ಸೊಸೆ ಇಬ್ಬರೂ ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. ನಾನೂ ನಕ್ಕೆ, ಏನೂ ಅರ್ಥವಾಗದೆ.

ಈಗ ಚಿಕ್ಕಪ್ಪನ ಮಾತನ್ನು ದೊಡ್ಡ ದೊಡ್ಡವರ ಬಾಯಲ್ಲಿ ಕೇಳುತ್ತೇನೆ. ಧರ್ಮ ಹುಟ್ಟಿದ್ದೇ ಜನರನ್ನು ಅಂಕೆಯಲ್ಲಿಡಲು ಅಂತ. ಹೌದು ಅನ್ನಿಸುತ್ತದೆ, ನಮ್ಮ ಮನೆಯಲ್ಲೇ ಕಣ್ಣಾರೆ ಕಂಡಿದ್ದೇನೆ. ಹಾಗೆ ಹೇಳುವವರಿಗೆ ಒಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ಅಂಕೆಯಲ್ಲಿದ್ದವಳಿಗೂ ಬಾಯಿ ಅಂತ ಇದ್ದದ್ದು ಅದೊಂದೇ. ಇದನ್ನು ಹೇಳಿದರೆ ಮೂಢನಂಬಿಕೆಯ ಪಕ್ಷ ಅಂತಾರೆ. ನಾನು ಯಾವ ದೇವರನ್ನೂ ನಂಬುವವಳಲ್ಲ. ಓದಿದೆ, ಚಿಂತಾಮಣಿಯಲ್ಲಿ ಮೇಡಂ ಆದೆ, ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಅಕ್ಕ ಹೆಡ್‌ಮಿಸ್ ಆಗಿದ್ದಾಳೆ. ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು, ಆಮೇಲೆ ಅಪ್ಪನೂ. ಗುಡ್ಡದಮ್ಮನ ಕಲ್ಲಿಗೆ ಈಗ ಗೋಪುರ, ಗೇಟು, ಮೈಕು ಬಂದಿವೆ. ಪೂಜೆ ಮಾಡುವವರು ಗಂಡಸರು. ಅಲ್ಲಿ ಯಾರ ಮೈಮೇಲೂ ಯಾರೂ ಬರುವುದಿಲ್ಲ.

ಹೋದ ಅವರೆಕಾಯಿ ಕಾಲದಲ್ಲಿ ಎಲ್ಲರೂ ಅಕ್ಕನ ಮನೆಯಲ್ಲಿ ಸೇರಿದ್ದೆವು. ಅಮ್ಮ ಅಲ್ಲಿಯೇ ಇರುವುದು. ಹಿಪ್ಪುನೇರಳೆ ತೋಟವನ್ನು ಲೇಔಟಿನವರಿಗೆ ಕೊಡುವ ಮಾತು ಬಂತು. ಅಮ್ಮ ಅವರೆಕಾಯಿ ಸುಲಿಯುತ್ತಾ "ಬೇಡ" ಅಂದಳು. ಚಿಕ್ಕಪ್ಪ, ಈಗ ಹಲ್ಲಿಲ್ಲದ ಮುದುಕ, "ಹಂಗಲ್ಲ ಅತ್ತಿಗೆ" ಅಂತ ಶುರು ಮಾಡಿದ. ಅಕ್ಕ ಒಂದೊಂದೇ ಕಾರಣ ಬಿಡಿಸಿ, ತರಗತಿಯಲ್ಲಿ ಹೇಳುವ ಹಾಗೆ, ತುಂಬ ಪ್ರೀತಿಯಿಂದ ವಿವರಿಸಿದಳು. ನೀರಿಲ್ಲ, ಆಳಿಲ್ಲ, ಹುಳ ಸಾಕುವವರಿಲ್ಲ. ಎಲ್ಲವೂ ನಿಜವೇ. ಅಮ್ಮ ಇನ್ನೊಂದು ಸಲ "ಬೇಡ ಕಣಮ್ಮ" ಅಂದಳು. ಅಷ್ಟರಲ್ಲಿ ಮಾತು ರಿಜಿಸ್ಟ್ರೇಷನ್ನಿನ ದಿನ ಯಾವುದು ಅನ್ನುವಲ್ಲಿಗೆ ಹೋಗಿತ್ತು.

ನಾನು ವಾತಾವರಣ ಹಗುರವಾಗಲಿ ಅಂತ ಅಮ್ಮನ ಪಕ್ಕಕ್ಕೆ ಜರುಗಿ ರೇಗಿಸಿದೆ. "ಏನಮ್ಮ, ನಿನ್ನ ಮೈಮೇಲೆ ಬಂದಿದ್ಲಲ್ಲ ತಂಗಿ, ಈಗ ಬರಲ್ವಾ ಅವಳು?"

ಅಮ್ಮ ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಲೇ ಇದ್ದಳು. "ಬಂದ್ರೆ ಎದ್ದು ನಿಲ್ಲೋರು ಯಾರಿದ್ದೀರಿ?" ಅಂದಳು. "ಡಾಕ್ಟ್ರ ಹತ್ರ ಕರ್ಕೊಂಡೋಗ್ತೀರ, ಅಷ್ಟೇ."

ಅಕ್ಕನಿಗೆ ಕೇಳಿಸಿತು. ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಲ್ಲಿಸಿ ಅಮ್ಮನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಅಮ್ಮನ ಮುಂದಿದ್ದ ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.